ಹಿಂದಿನವರ ಹಿಡಿ ಹಿಟ್ಟು

ನಾನು ಹಿಟ್ಟಿನ ಗಿರಣಿಯೊಂದರ ಕಲ್ಲು. ಗುಡ್ಡದ ಬಂಡೆಯಿಂದ ನನ್ನನ್ನು ದುಂಡಗೆ ಕಡಿದು, ಮೈತುಂಬ ಗೆರೆ ಕೊರೆದ ಕಲ್ಲುಕುಟಿಗ, ಇದು ಮೂವತ್ತು ವರ್ಷ ತಿರುಗುತ್ತದೆ ಎಂದಿದ್ದ. ಇಪ್ಪತ್ತೆರಡು ವರ್ಷ ತಿರುಗಿದೆ. ನಿಂತದ್ದು ಸವೆದು ಅಲ್ಲ.

ನನ್ನನ್ನು ಕೊಂಡವನು ಈರಬಸಪ್ಪ. ಅವನು ತೀರಿಕೊಂಡ ಮೇಲೆ ಹೆಂಡತಿ ಫಕೀರವ್ವ ಮೋಟರು ಚಾಲೂ ಮಾಡುವುದನ್ನು ಕಲಿತಳು. ನನ್ನ ಗೆರೆ ಸವೆದಾಗ ತಾನೇ ಉಳಿ ಹಿಡಿದು ಕೂರುವಳು. ಕೈಗೆ ಪೆಟ್ಟು ಬಿದ್ದರೆ ನನ್ನನ್ನೇ ಬೈಯುವಳು.

ಯಾರ ಜೋಳ ಬೀಸಿದರೂ ಹಿಡಿಯಷ್ಟು ಹಿಟ್ಟು ನನ್ನಲ್ಲಿ ಉಳಿದು ಮುಂದಿನವರ ಡಬ್ಬಿಗೆ ಬೀಳುತ್ತದೆ. ಹೀಗೆ ಊರಿನ ಪ್ರತಿ ರೊಟ್ಟಿಯಲ್ಲೂ ಇನ್ನೊಂದು ಮನೆಯ ಹಿಟ್ಟು ಒಂದಿಷ್ಟು ಇರುತ್ತಿತ್ತು. ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ.

ಆಮೇಲೆ ಫೋನು ಬಂತು. ಕರೆಂಟ್ ಬಂದ ಕೂಡಲೇ ಫಕೀರವ್ವ ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕುವಳು. ಡಬ್ಬಿಗಳು ಸಾಲುಗಟ್ಟುವವು.

ಹೋದ ವರ್ಷ ಊರನ್ನು ಪಕ್ಕದ ಪಟ್ಟಣಕ್ಕೆ ಸೇರಿಸುವ ಮಾತು ಎದ್ದಿತು. ಸೇರಲಿ ಎನ್ನುವವರು ಸ್ಟೇಟಸ್‌ಗೆ ಒಂದು ಚಿತ್ರ ಹಾಕಿದರು, ಬೇಡ ಎನ್ನುವವರು ಇನ್ನೊಂದು. ಗ್ರಾಮಸಭೆಗೆ ಮಾತ್ರ ಬಂದವರು ಹದಿನಾಲ್ಕು ಮಂದಿ. ಗಿರಣಿ ನಿಲ್ಲಿಸಿ ಹೋದ ಫಕೀರವ್ವ, ಹಳ್ಳಿಗಷ್ಟೇ ಇರುವ ಉದ್ಯೋಗ ಖಾತ್ರಿ ಕೆಲಸ ಆಮೇಲೆ ಏನಾಗುತ್ತದೆ ಎಂದು ಕೇಳಿದಳಂತೆ. ಮುಂದಿನ ಸಭೆಯಲ್ಲಿ ಹೇಳುತ್ತೇವೆ ಎಂದರಂತೆ. ಮುಂದಿನ ಸಭೆ ಆಗಲೇ ಇಲ್ಲ.

ಬದಲಿಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ, ಯಾವ ಚಿತ್ರವನ್ನೂ ಹಾಕದೆ ಇನ್ನೂ ಬಾಯಿ ಬಿಡದವರದೊಂದು ಪಟ್ಟಿ ಬಂತು. ಮೂರನೆಯ ಹೆಸರು ಫಕೀರವ್ವನದು.

ಸೇರಲಿ ಎನ್ನುವ ಶೇಖಪ್ಪ ಜೋಳ ತಂದವನು ಕೇಳಿದ: "ಕಾಕಿ, ಕರೆಂಟ್ ಬಂದದ್ದು ಹಾಕ್ತಿ, ಊರಿಂದು ಯಾಕ ಹಾಕವಲ್ಲಿ?"

"ಕರೆಂಟ್ ಬಂದದ್ದು ನನಗ ಗೊತ್ತಾಗತೈತಪ್ಪಾ. ಇದು ಗೊತ್ತಾಗವಲ್ದು. ಸಭಾದಾಗ ಕೇಳೀನಿ, ಯಾರೂ ಹೇಳಿಲ್ಲ."

"ಸುಮ್ಕಿದ್ದಿ ಅಂದ್ರ ಆ ಕಡೀಯಾಕಿ ಅಂತ ತಿಳಕೊಂತಾರ."

ಬೇಡ ಎನ್ನುವ ಮಲ್ಲವ್ವ ಸಂಜೆ ಬಂದು, ಸುಮ್ಮನಿರುವವಳು ಶೇಖಪ್ಪನ ಕಡೆಯವಳೇ ಎಂದು ಮುಖ ತಿರುಗಿಸಿ ಹೋದಳು. ನನಗೆ ರೇಗಿತು. ಕಲ್ಲಿಗೆ ಸಿಟ್ಟು ಬಂದರೆ ಬಿಸಿಯಾಗುವುದಷ್ಟೇ ದಾರಿ. ಆ ದಿನದ ಹಿಟ್ಟಿಗೆ ಸುಟ್ಟ ವಾಸನೆ ಬಂತೆಂದು ಅದಕ್ಕೂ ಫಕೀರವ್ವನೇ ಬೈಸಿಕೊಂಡಳು.

ಮುಂದಿನ ವಾರ ಮಲ್ಲವ್ವ ಡಬ್ಬಿ ಇಳಿಸುವ ಮೊದಲೇ, ತನಗಿಂತ ಮುಂಚೆ ಯಾರದು ಬೀಸಿದೆ ಎಂದು ಕೇಳಿದಳು. ಶೇಖಪ್ಪನದು.

"ಹಂಗಾರ ಕಲ್ಲು ಬಿಚ್ಚಿ ಒರಸು. ಅವರ ಹಿಟ್ಟು ನಮಗ ಬ್ಯಾಡ."

ಫಕೀರವ್ವ ನಟ್ಟು ಬಿಚ್ಚುವ ಪಾನಾ ತಂದು ನನ್ನನ್ನು ಬಿಚ್ಚಿದಳು, ಸೆರಗಿನಿಂದ ಒರೆಸಿದಳು. ಶೇಖಪ್ಪನ ಕಡೆಯವರೂ ಹಾಗೆಯೇ ಕೇಳತೊಡಗಿದರು. ದಿನಕ್ಕೆ ಎಂಟು ಸಲ ಬಿಚ್ಚಿ ಕಟ್ಟಿದರೆ ಬೀಸುವುದು ಯಾವಾಗ? ಒಂದು ದಿನ ಅವಳು ಪಾನಾ ಕೆಳಗಿಟ್ಟು, ಇನ್ನು ತನ್ನಿಂದ ಆಗುವುದಿಲ್ಲ ಎಂದಳು. ಎರಡೂ ಕಡೆಯವರು ನಾಲ್ಕು ಮೈಲಿ ಆಚೆಯ ಗಿರಣಿ ಹಿಡಿದರು. ಮೂರು ತಿಂಗಳಲ್ಲಿ ನಮ್ಮ ಮೋಟರು ಮಾರಾಟವಾಯಿತು.

ಈಗ ನಾನು ಅವಳ ಬಾಗಿಲ ಬಳಿ ಗೋಡೆಗೆ ಒರಗಿದ್ದೇನೆ. ಅಷ್ಟು ಒರೆಸಿದರೂ ಗೆರೆಗಳಲ್ಲಿ ಹಿಟ್ಟು ಉಳಿದಿದೆ. ಯಾರ ಮನೆಯದೋ ನನಗೇ ಗೊತ್ತಿಲ್ಲ. ಆಚೆಯೂರಿಗೆ ಹೋಗುವ ಟಂಟಂ ಗಾಡಿ ಇಲ್ಲೇ ನಿಲ್ಲುತ್ತದೆ. ಶೇಖಪ್ಪ, ಮಲ್ಲವ್ವ ಎದುರು ಬದುರು ಡಬ್ಬಿ ಹಿಡಿದು ಕೂರುತ್ತಾರೆ. ಅಲ್ಲಿ ಕಲ್ಲು ಬಿಚ್ಚು ಎಂದರೆ ಗಿರಣಿಯವನು ಡಬ್ಬಿಯನ್ನೇ ಹೊರಗಿಡುತ್ತಾನಂತೆ. ಹೀಗಾಗಿ ಯಾರೂ ಕೇಳುವುದಿಲ್ಲ.

ಫಕೀರವ್ವನೂ ಡಬ್ಬಿ ಹಿಡಿದು ಅದೇ ಗಾಡಿ ಹತ್ತುತ್ತಾಳೆ. ಮೊನ್ನೆ ಹತ್ತಿ ಕೂತವಳು ಕೇಳಿದಳು: "ಆ ಖಾತ್ರಿ ಕೆಲಸದ್ದು ಏನಾತು? ಯಾರಿಗಾರ ಗೊತ್ತಾತೇನು?"

ಎಲ್ಲರೂ ಫೋನು ನೋಡುತ್ತಿದ್ದರು. ಗಾಡಿ ಹೊರಟಿತು.