ಹದಿನಾಲ್ಕನೇ ನಂಬರಿನ ಎರಡು ಜಡೆ

ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು. ಧೂಳಿಗೆ ನನಗೆ ಸೀನು ಬರುವುದಿಲ್ಲ, ಸುಳ್ಳು ಹೇಳುವವರನ್ನು ಕಂಡರೆ ಮಾತ್ರ ಮೂಗು ತುರಿಸುತ್ತದೆ. ಅವತ್ತು ಬೆಳಿಗ್ಗೆ ಬಂದ ಅಜ್ಜಿಯನ್ನು ಕಂಡಾಗಲೂ ತುರಿಸಿತು. ಮೂಗಿಗೂ ವಯಸ್ಸಾಯಿತು ಅನ್ನಿ.

ವಿಷಯ ಇಷ್ಟೇ. ಹಳ್ಳಿಯ ಹಳೇ ಶಾಲೆಯೊಂದನ್ನು, ಇದ್ದದ್ದೇ ಒಂದು ಕೋಣೆ, ರಿಪೇರಿ ಮಾಡಿ ಮೊದಲ ಹಾಜರಿ ಪುಸ್ತಕದಲ್ಲಿದ್ದ ಮಕ್ಕಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವವರಿದ್ದರು. ಪಟ್ಟಿ ಮಾಡಿದವಳು ನಾನು. ಸಂಜೆ ಐದಕ್ಕೆ ಅದು ಕೆತ್ತುವವನ ಕೈಸೇರಬೇಕು. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸದ ಹದಿನಾಲ್ಕನೇ ನಂಬರಿನ ಹುಡುಗನಿಗೆ ಸನ್ಮಾನ ಮಾಡಿ ಎಂದು ಬರೆದವಳೂ ನಾನೇ.

"ನನ್ನ ಹೆಸರೂ ಸೇರಿಸಮ್ಮ. ಮೂರು ವರ್ಷ ಅಲ್ಲೇ ಓದಿದೀನಿ," ಅಂದಳು ಅಜ್ಜಿ.

"ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲ ಅಜ್ಜಿ. ಇಲ್ಲ ಅಂದ್ರೆ ಇಲ್ಲ."

"ಎಲ್ಲಿಂದ ಇರತ್ತೆ? ಅಪ್ಪ ಸೇರಿಸಿದ್ದು ಇವನನ್ನ." ಜೊತೆಗೆ ಬಂದು ಬೆಂಚಿನ ಮೇಲೆ ಕೂತಿದ್ದ ಅಣ್ಣನ ಕಡೆ ಕೈ ತೋರಿಸಿದಳು. "ಗಂಟೆ ಹೊಡೆದ ತಕ್ಷಣ ಹೊಳೆಗೆ ಪರಾರಿ, ಮೀನು ಹಿಡಿಯೋಕೆ! ಇಪ್ಪತ್ತು ಮಕ್ಕಳಿಲ್ಲದಿದ್ರೆ ಶಾಲೆ ಮುಚ್ತಾರೆ ಅಂತ ಮೇಷ್ಟ್ರಿಗೆ ಭಯ. ಇವನ ಜಾಗದಲ್ಲಿ ನನ್ನ ಕೂರಿಸಿದ್ರು. ಹದಿನಾಲ್ಕು ಅಂದಾಗ ಹಾಜರ್ ಅಂತಿದ್ದೋಳು ನಾನು."

"ಇವಳಿಗೆ ಅರಳುಮರಳು ಮೇಡಂ," ಅಂದ ಅಜ್ಜ. ಮಡಿಕೆ ಗೆರೆಯೂ ಹೋಗಿರದ ಹೊಸ ಅಂಗಿ ತೊಟ್ಟಿದ್ದ. "ತಾತ ಒಂದಿನಾನೂ ಶಾಲೆ ತಪ್ಪಿಸಿಲ್ಲ ಅಂತ ಮೊಮ್ಮಕ್ಕಳಿಗೆಲ್ಲ ಹೇಳಿಬಿಟ್ಟಿದೀನಿ."

ನನಗೆ ರೇಗಿತು. ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಪಟ್ಟಿ! "ಬಾಯಿಮಾತು ನಡೆಯಲ್ಲ. ಕಾಗದ ಎಲ್ಲಿ?"

"ನಿನ್ನ ಹತ್ರಾನೇ ಇರಬೇಕಲ್ಲಮ್ಮ. ಒಂದಿನ ಇನ್ಸ್‌ಪೆಕ್ಟರು ನನ್ನ ಕೈಲಿ ಓದಿಸಿ ಏನೋ ಬರೆದ್ರು. ಏನು ಬರೆದ್ರೋ, ಇವತ್ತಿಗೂ ಗೊತ್ತಿಲ್ಲ."

ತಪಾಸಣೆ ಪುಸ್ತಕ! ಹೆಸರಿಗೆ ಹಾಜರಿ ಪುಸ್ತಕ ಸಾಕೆಂದು ನಾನು ಅದನ್ನು ತೆರೆದೇ ಇರಲಿಲ್ಲ. ಗೊಣಗುತ್ತ ಏಣಿ ಹತ್ತಿ ಇಳಿಸಿದೆ. ಎರಡನೇ ವರ್ಷದ ಪುಟದಲ್ಲಿ ಬೆರಳು ನಿಂತಿತು. ಬಂದ ನಗುವನ್ನು ನುಂಗಿಕೊಂಡು ಅಜ್ಜನ ಮುಂದಿಟ್ಟೆ. "ಓದಿ."

ಅವನು ಜೇಬು ತಡಕಿದ. "ಕನ್ನಡಕ ತಂದಿಲ್ಲ."

ಕನ್ನಡಕ ಮೂಗಿನ ಮೇಲೇ ಇತ್ತು. ಅಯ್ಯೋ ದೇವರೇ! ನಾನು ಸನ್ಮಾನಕ್ಕೆ ಆರಿಸಿದ ಮನುಷ್ಯನಿಗೆ ಓದಲು ಬರುವುದಿಲ್ಲ. ಅಜ್ಜಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಅವನಿಗೆ ಬಂದ ಕಾಗದಗಳನ್ನೆಲ್ಲ ಹೀಗೇ ಓದಿ ಹೇಳಿದವಳಿರಬೇಕು.

"ಹದಿನಾಲ್ಕನೇ ನಂಬರಿನ ಹುಡುಗ ನಿರರ್ಗಳವಾಗಿ ಓದಿದನು. ಈ ಶಾಲೆಯಲ್ಲಿ ಇವನಷ್ಟು ಚೆನ್ನಾಗಿ ಓದುವವರು ಇನ್ನೊಬ್ಬರಿಲ್ಲ."

ಅಲ್ಲಿಗೆ ದನಿ ನಿಂತಿತು. ಮುಂದಿನ ಸಾಲಿನ ಮೇಲೆ ಕಣ್ಣಾಡಿಸಿದಳು, ಅಣ್ಣನ ಹೊಸ ಅಂಗಿ ನೋಡಿದಳು, ಪುಸ್ತಕ ಮುಚ್ಚಿದಳು. "ಅಷ್ಟೇ ಕಣೋ. ನಿನ್ನನ್ನೇ ಹೊಗಳಿದಾರೆ. ಏಳು, ಹೋಗೋಣ."

ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಕೇಳಿದ, "ಜಡೆ ವಿಷಯ ಬರೆದಿಲ್ವಾ?"

ಅಜ್ಜಿ ಬೆರಗಾಗಿ ನೋಡಿದಳು.

"ಅವತ್ತು ಹೊಳೆಗೆ ಹೋಗಿರಲಿಲ್ಲ ಕಣೇ. ಕಿಟಕಿ ಕೆಳಗೆ ಕೂತು ಎಲ್ಲಾ ಕೇಳಿಸ್ಕೊಂಡೆ. ಎಷ್ಟು ಚೆನ್ನಾಗಿ ಓದಿದೆ! ಈ ಜಾಗ ಇವಳದ್ದೇ, ನಾನಿನ್ನು ಒಳಗೆ ಕಾಲಿಡಬಾರದು ಅಂತ ಅವತ್ತೇ ಅಂದ್ಕೊಂಡೆ."

"ಸಾಕು ಸುಮ್ನಿರೋ ಸುಳ್ಳ! ಮೀನಿನ ರುಚಿ ಹತ್ತಿತ್ತು ನಿಂಗೆ."

"ಅದೂ ಇತ್ತು," ಎಂದು ಒಪ್ಪಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ನನ್ನ ಹೆಸರು ಹೊಡೆದುಹಾಕಿ ಮೇಡಂ. ಇವಳದ್ದು ಬರೀರಿ. ಮೊಮ್ಮಕ್ಕಳಿಗೆ ನಾನೇ ಹೇಳ್ತೀನಿ."

ಉಳಿದ ಸಾಲನ್ನು ನಾನೇ ಜೋರಾಗಿ ಓದಿದೆ. "ಆದರೆ ಈ ಹುಡುಗನು ಎರಡು ಜಡೆ ಹಾಕಿಕೊಂಡು ಬರುವುದೇಕೆಂದು ಮೇಷ್ಟರು ವಿಚಾರಿಸತಕ್ಕದ್ದು." ಅದರ ಕೆಳಗೆ ಮೇಷ್ಟರ ಉತ್ತರ: "ವಿಚಾರಿಸಲಾಯಿತು. ಜಡೆಯಿಂದ ಓದಿಗೆ ತೊಂದರೆಯಿಲ್ಲ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದಾಖಲೆಯಲ್ಲಿರುವ ಹೆಸರನ್ನು ಹೊಡೆದುಹಾಕುವವಳಲ್ಲ ನಾನು. ಪಟ್ಟಿಯಲ್ಲಿ ಹದಿನಾಲ್ಕರ ಮುಂದೆ ಅಣ್ಣನ ಹೆಸರಿಗೆ "ಸೇರಿದವನು" ಎಂದು ಬರೆದೆ. ಪಕ್ಕದಲ್ಲೇ ತಂಗಿಯ ಹೆಸರು ಬರೆದು "ಹಾಜರಾದವಳು" ಎಂದು ಸೇರಿಸಿದೆ. ಸನ್ಮಾನದ ಕಾಗದವನ್ನೂ ತಿದ್ದಿದೆ.

"ಏನು ಬರೆದ್ರು, ಓದೇ," ಅಂದ ಅಜ್ಜ.

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಕನ್ನಡಕ ತಂದಿಲ್ಲ ಕಣೋ," ಅಂದಳು.

ನಾನೇ ಓದಿ ಹೇಳಿದೆ.