ಬೈಕಿನ ಸ್ಪೀಕರಿನಲ್ಲಿ ಕೇಳದ ತಾಳ

ಕುಷ್ಟಗಿಯಲ್ಲಿ ಪೈಪಿನ ಅಂಗಡಿ ಇಟ್ಟಿರುವ ಪಂಪಾಪತಿ ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ ಒಂದು ಬೈಕು ಕೊಂಡ. ಹಾಲಿನವರು, ಮೇಷ್ಟ್ರುಗಳು ಓಡಿಸುವಂಥ ಬೈಕಲ್ಲ ಅದು. ಸಾಣಾಪುರದ ಕೆರೆಯ ಹತ್ತಿರ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವವರೊಬ್ಬರು ನಾಲ್ಕು ವರ್ಷ ಓಡಿಸಿ, ಸಾಕಾಗಿ ಮಾರಿದ ಗಾಡಿ. ದೂರದ ಪ್ರಯಾಣಕ್ಕೆಂದೇ ಮಾಡಿದ್ದು. ಹಿಂದೆ ಕೂರುವವರಿಗೆ ಕುರ್ಚಿಯಂಥ ಸೀಟು, ಎರಡೂ ಬದಿಗೆ ಪೆಟ್ಟಿಗೆ, ಮುಂದೆ ಹ್ಯಾಂಡಲ್ಲಿನ ಸುತ್ತ ಗಾಳಿ ತಡೆಯುವ ಅಗಲವಾದ ಪ್ಲಾಸ್ಟಿಕ್ ಕವಚ. ಅದಕ್ಕೆ ಫೇರಿಂಗ್ ಅನ್ನುತ್ತಾರೆಂದು ಮಾರಿದವರು ಹೇಳಿಕೊಟ್ಟಿದ್ದರು. ಓಣಿಯವರು ಇಡೀ ಗಾಡಿಗೇ ಎಮ್ಮೆ ಎಂದು ಹೆಸರಿಟ್ಟರು.

ಪಂಪಾಪತಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಕವಚದ ಒಳಮೈಯಲ್ಲಿ ಎಡಕ್ಕೊಂದು ಬಲಕ್ಕೊಂದು ಕೂತಿದ್ದ ಸ್ಪೀಕರುಗಳು. ಫೋನಿನಲ್ಲಿ ಹಾಡು ಹಚ್ಚಿದರೆ ಅಲ್ಲಿಂದ ಕೇಳುತ್ತಿತ್ತು. ಅವನು ಹಚ್ಚುತ್ತಿದ್ದದ್ದಾದರೂ ಒಂದೇ ಬಗೆಯ ಹಾಡು: ಹೆಂಡತಿ ಶಿವಲೀಲಾಳ ಭಜನಾ ಮೇಳದ ತತ್ವಪದಗಳು. ಪ್ರತಿ ಸೋಮವಾರ ಸಂಜೆ ಮಠದ ಪಡಸಾಲೆಯಲ್ಲಿ ಮೇಳ ಕೂಡುತ್ತಿತ್ತು. ಶಿವಲೀಲಾ ಹಾಡುವಳು, ನಿವೃತ್ತ ಮೇಷ್ಟ್ರು ಶರಣಬಸಪ್ಪ ಹಾರ್ಮೋನಿಯಂ ನುಡಿಸುವರು, ಪಕ್ಕದ ಊರಿನವರೊಬ್ಬರು ತಬಲಾ. ತಾಳ ಪಂಪಾಪತಿಯದು, ಆರು ವರ್ಷಗಳಿಂದ.

ಶಿವಲೀಲಾ ಒಂದು ಚಿಕ್ಕ ಮೈಕು ಇಟ್ಟು ಫೋನಿನಲ್ಲಿ ಹಾಡುಗಳನ್ನು ಹಿಡಿದು, ಹಿಂದುಮುಂದಿನ ಮಾತುಗಳನ್ನು ಕತ್ತರಿಸಿ, ಮೇಳದ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದಳು. ಅದರಲ್ಲಿ ಹಾಡು ಕೇಳುತ್ತಿತ್ತು, ಹಾರ್ಮೋನಿಯಂ ಕೇಳುತ್ತಿತ್ತು, ಒಮ್ಮೊಮ್ಮೆ ಮಠದ ಹಸು ಕೂಗಿದ್ದೂ ಕೇಳುತ್ತಿತ್ತು. ಪಂಪಾಪತಿಯ ತಾಳ ಮಾತ್ರ ಕೇಳುತ್ತಿರಲಿಲ್ಲ. ಅವನು ಮೊದಲು ತನ್ನ ಫೋನನ್ನು ದೂರಿದ, ಆಮೇಲೆ ಮನೆಯ ಟೀವಿಯನ್ನು. ತಾಳದ ದನಿ ಸಣ್ಣದು, ಸಣ್ಣ ದನಿಯನ್ನು ಎತ್ತಿ ಕೊಡುವ ಸ್ಪೀಕರ್ ಬೇಕು ಎಂಬ ತೀರ್ಮಾನಕ್ಕೆ ಬಂದಿದ್ದ. ಬೈಕಿನ ಮೇಲೆ ಅವನಿಗೆ ಭಾಳ ಭರವಸೆಯಿತ್ತು.

ಊರೊಳಗೆ ನಿಧಾನಕ್ಕೆ ಹೋಗುವಾಗ ಹಾಡು ಚೆನ್ನಾಗಿಯೇ ಕೇಳುತ್ತಿತ್ತು. ವೇಗ ನಲವತ್ತು ದಾಟಿತೆಂದರೆ ಎಲ್ಲ ಸೇರಿ ಬಾಯಿ ಮುಕ್ಕಳಿಸಿದಂಥ ಸದ್ದಾಗುತ್ತಿತ್ತು. ಅವನು ದೊಡ್ಡ ಸ್ಪೀಕರುಗಳನ್ನು ತಂದು ಒಂದು ಅಂಗಡಿಯಲ್ಲಿ ಹಾಕಿಸಿದ. ಈಗ ದನಿ ಏರಿಸಿದರೆ ಕವಚಕ್ಕೆ ಕವಚವೇ ಹಪ್ಪಳದ ಡಬ್ಬಿಯಂತೆ ಗಡಗಡ ಅನ್ನತೊಡಗಿತು. ಒಂದು ದಿನ ಯಲಬುರ್ಗಾದ ಹತ್ತಿರ ಅಮರಪ್ಪ ಎಂಬ ರೈತನ ಹೊಲಕ್ಕೆ ಹನಿ ನೀರಾವರಿಯ ಪೈಪು ನೋಡಲು ಹೋದಾಗ, ಗಾಡಿಯಲ್ಲಿ ಯಾವುದೋ ನಟ್ಟು ಸಡಿಲಾಗಿ ಬಡಿದುಕೊಳ್ಳುತ್ತಿದೆ ಎಂದು ಅಮರಪ್ಪ ಪಾನಾ ತಂದುಕೊಟ್ಟ. ಬಡಿದುಕೊಳ್ಳುತ್ತಿದ್ದದ್ದು ಶಿವಲೀಲಾಳ ಹಾಡು. ವಿಷಯ ತಿಳಿದ ಮೇಲೆ ಅಮರಪ್ಪ ನಗಲಿಲ್ಲ. ಗಂಗಾವತಿಯಲ್ಲಿ ಮೆಹಜಬೀನ ಎಂಬಾಕೆ ಇದ್ದಾಳೆ, ಮೈಕ್‌ಸೆಟ್ ರಿಪೇರಿಯಲ್ಲಿ ಅವಳನ್ನು ಮೀರಿಸುವವರಿಲ್ಲ, ಅಲ್ಲಿಗೆ ಒಯ್ಯಿ ಎಂದ.

ಮೆಹಜಬೀನಳಿಗೆ ಸುಮಾರು ಪಂಪಾಪತಿಯದೇ ವಯಸ್ಸು. ತಂದೆ ಬಿಟ್ಟುಹೋದ ಅಂಗಡಿಯಲ್ಲಿ ಹರಿದ ಸ್ಪೀಕರುಗಳಿಗೆ ಹೊಸ ಕೋನು ಅಂಟಿಸುತ್ತ ಕೂತಿದ್ದಳು. ಗಾಡಿಗೆ ಏನಾಗಿದೆ ಎಂದು ಅವಳು ಕೇಳಲೇ ಇಲ್ಲ. ನಿಮಗೆ ಕೇಳಿಸಬೇಕಾದದ್ದು ಏನು ಎಂದು ಕೇಳಿದಳು. ಪಂಪಾಪತಿ ಸ್ವಲ್ಪ ನಾಚಿಕೊಂಡು, ತಾಳ ಎಂದ.

ಅವಳು ಕವಚ ಬಿಚ್ಚಿಸಿ, ಒಂದು ಪೆನ್ಸಿಲ್ ಸೆಲ್ಲಿನ ಎರಡು ತುದಿಗೆ ಎಡಗಡೆಯ ಸ್ಪೀಕರಿಗೆ ಹೋಗುವ ವೈರುಗಳನ್ನು ಮುಟ್ಟಿಸಿದಳು. ಸ್ಪೀಕರಿನ ಕಾಗದದ ಕೋನು ಪಟ್ಟನೆ ಮುಂದಕ್ಕೆ ಉಬ್ಬಿತು. ಬಲಗಡೆಯದಕ್ಕೂ ಹಾಗೇ ಮುಟ್ಟಿಸಿದಳು. ಅದು ಹಿಂದಕ್ಕೆ ಸರಿಯಿತು. ಹಾಕಿಕೊಟ್ಟವರು ಒಂದು ಕಡೆಯ ವೈರುಗಳನ್ನು ಅದಲುಬದಲು ಮಾಡಿದ್ದರು.

"ಒಂದು ಹೊರಗ ನೂಕತೈತಿ, ಇನ್ನೊಂದು ಒಳಗ ಜಗ್ಗತೈತಿ. ನಡಬರಕ ದನಿ ಸತ್ತು ಹೋಗತೈತಿ, ಅಣ್ಣಾರ," ಎಂದಳು.

ತಪ್ಪು ಅದೊಂದೇ ಇರಲಿಲ್ಲ. ಸ್ಪೀಕರ್ ಕೂತ ಪ್ಲಾಸ್ಟಿಕ್ ತೆಳ್ಳಗಿತ್ತು, ಹಾಗಾಗಿ ಅದೂ ಜೊತೆಗೆ ಅದುರುತ್ತಿತ್ತು. ಸ್ಪೀಕರಿನ ಅಂಚಿನಲ್ಲಿ ಸಂದಿ ಉಳಿದು ಹಿಂದಿನ ದನಿ ಮುಂದಕ್ಕೆ ಸೋರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಸ್ಪೀಕರುಗಳ ಮುಖ ತಗ್ಗಿತ್ತು. ಮೆಹಜಬೀನ ಪಂಪಾಪತಿಯನ್ನು ಸೀಟಿನ ಮೇಲೆ ಕೂರಿಸಿ ನೋಡಿ, ಇಷ್ಟು ದಿನ ನಿಮ್ಮ ಹೊಟ್ಟೆ ಹಾಡು ಕೇಳಿದೆ, ಕಿವಿ ಕೇಳಿಲ್ಲ ಎಂದು ಹೇಳಿದಳು. ಆಮೇಲೆ ಕಾಗದದ ಮೇಲೆ ಎರಡು ಬಳೆಗಳ ಚಿತ್ರ ಬರೆದುಕೊಟ್ಟಳು. ಒಂದು ಅಂಚು ದಪ್ಪ, ಎದುರಿನ ಅಂಚು ತೆಳು. ಸ್ಪೀಕರ್ ಅದರ ಮೇಲೆ ಕೂತರೆ ಮುಖ ಮೇಲಕ್ಕೆ ಬರುತ್ತದೆ. ಇದನ್ನು ಗಟ್ಟಿ ಕಟ್ಟಿಗೆಯಲ್ಲಿ ಮಾಡಿಸಿಕೊಂಡು ಬನ್ನಿ ಎಂದಳು. ಹಾಗೆಯೇ ಇನ್ನೊಂದು ಮಾತು: ವಾಟ್ಸಾಪಿನಲ್ಲಿ ಬಂದ ಹಾಡು ತೆಳ್ಳಗಾಗಿರುತ್ತದೆ, ಹಿಡಿದ ಫೋನಿನಿಂದಲೇ ಮೂಲದ್ದನ್ನು ತನ್ನಿ.

ಕಟ್ಟಿಗೆಯ ಕೆಲಸಕ್ಕೆ ಪಂಪಾಪತಿ ಕಿನ್ನಾಳಕ್ಕೆ ಹೋದ. ಅಲ್ಲಿ ಗೊಂಬೆ ಮಾಡುವ ಗಿಡ್ಡಪ್ಪ ಚಿತ್ರವನ್ನು ತಿರುವಿ ಮುರುವಿ ನೋಡಿ, ಗೊಂಬೆಯ ಕಟ್ಟಿಗೆ ಹಗುರ, ಅದು ಸ್ಪೀಕರಿನ ಜೊತೆ ತಾನೂ ಕುಣಿಯುತ್ತದೆ, ಸಾಗವಾನಿಯಲ್ಲಿ ಮಾಡುತ್ತೇನೆ ಎಂದ. ನಾಲ್ಕು ದಿನದ ಮೇಲೆ ಹೋದರೆ ಬಳೆಗಳು ಸಿದ್ಧವಾಗಿದ್ದವು. ಅವುಗಳ ಮೇಲೆ ಕೆಂಪು ಹೂವು, ಹಸಿರು ಬಳ್ಳಿ, ಒಂದೊಂದರಲ್ಲಿ ನಾಲ್ಕು ಗಿಳಿ, ಮೇಲೆ ಮಿರಮಿರ ಮಿಂಚುವ ಹೊಳಪು. ಇದು ಕವಚದ ಒಳಗೆ ಹೋಗುವ ಸಾಮಾನು, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಪಂಪಾಪತಿ ವಿವರಿಸಿದ. ಬಿಚ್ಚಿದವರಿಗಾದರೂ ಕಾಣುತ್ತದಲ್ಲ ಎಂದ ಗಿಡ್ಡಪ್ಪ.

ಬಳೆ ಕೂರಿಸುವ ದಿನ ಶಿವಲೀಲಾಳೂ ಗಂಗಾವತಿಗೆ ಬಂದಳು, ತಂಗಿಯನ್ನು ನೋಡಿದ ಹಾಗೂ ಆಗುತ್ತದೆ ಎಂದು. ಅಂದು ಬೆಳಿಗ್ಗೆ ಅವಳು ರೊಟ್ಟಿ ತಟ್ಟುತ್ತಿದ್ದಾಗ ಪಂಪಾಪತಿ ಅವಳ ಫೋನಿನಿಂದ ಹಿಂದಿನ ಸೋಮವಾರದ ಹಾಡನ್ನು ಪೂರ್ತಿಯಾಗಿ, ಕತ್ತರಿಸುವ ಮೊದಲಿನದನ್ನೇ, ತನ್ನ ಫೋನಿಗೆ ಹಾಕಿಕೊಂಡಿದ್ದ. ಹೇಳದೆ ತೆಗೆದುಕೊಂಡದ್ದರಲ್ಲಿ ಅವನಿಗೇನೂ ತಪ್ಪು ಕಾಣಲಿಲ್ಲ. ಮೇಳದ ಹಾಡಿನಲ್ಲಿ ತನ್ನದೂ ಪಾಲಿದೆಯಲ್ಲ.

ಮಧ್ಯಾಹ್ನ ತಂಗಿಯ ಮನೆಯಿಂದ ಶಿವಲೀಲಾ ಅಂಗಡಿಗೆ ಬರುವ ಹೊತ್ತಿಗೆ ಗಿಳಿಗಳ ಮೇಲೆ ಸ್ಪೀಕರ್ ಕೂತು, ಅಂಚಿಗೆಲ್ಲ ಫೋಮಿನ ಪಟ್ಟಿ ಬಿದ್ದು, ವೈರುಗಳು ಸರಿಯಾಗಿ, ಕವಚ ಮುಚ್ಚಿಯಾಗಿತ್ತು. ಮೆಹಜಬೀನ ಹಾಡನ್ನು ನಡುವಿನಿಂದ ಹಚ್ಚಿದಳು. ಹಾರ್ಮೋನಿಯಮ್ಮಿನ ತಿದಿ ಗಾಳಿ ಎಳೆಯುವುದು, ಸಾಲು ಎತ್ತುವ ಮೊದಲು ಶಿವಲೀಲಾ ಉಸಿರು ಹಿಡಿಯುವುದು ಎಲ್ಲ ಬಿಡಿಬಿಡಿಯಾಗಿ ಕೇಳುತ್ತಿತ್ತು. ತನ್ನ ದನಿ ಹೀಗಿದೆ ಎಂದು ಶಿವಲೀಲಾಳಿಗೇ ಗೊತ್ತಿರಲಿಲ್ಲ. ಹಾಡು ಮುಗಿಯುವವರೆಗೆ ಅವಳು ಸೀರೆಯ ಸೆರಗು ಹಿಡಿದುಕೊಂಡೇ ನಿಂತಿದ್ದಳು.

ಪಂಪಾಪತಿ ಮಾತ್ರ ತಲೆ ಬಾಗಿಸಿ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಕಿವಿ ಇಟ್ಟ. ತಾಳ ಎಲ್ಲೂ ಇರಲಿಲ್ಲ. ಮೆಹಜಬೀನಳೂ ಕಿವಿ ಇಟ್ಟು ನೋಡಿದಳು.

"ಸ್ಪೀಕರ್ ತನ್ನೊಳಗ ಬಂದದ್ದಷ್ಟ ಹೊರಗ ಕೊಡತೈತ್ರಿ, ಅಣ್ಣಾರ. ಬರದಿದ್ದದ್ದು ನಾ ಎಲ್ಲಿಂದ ತರ್ಲಿ?"

ಶಿವಲೀಲಾ ಗೋಡೆಗೆ ತೂಗುಹಾಕಿದ್ದ ಹಳೆಯ ಮೈಕಿನ ಹಾರ್ನುಗಳನ್ನು ಎಣಿಸುವವಳಂತೆ ನೋಡತೊಡಗಿದಳು.

ಇಬ್ಬರೂ ಊರಿಗೆ ಮರಳುತ್ತ ಕನಕಗಿರಿ ದಾಟಿ ತಾವರಗೇರಾ ರಸ್ತೆಗೆ ಬಂದಾಗ ಪಂಪಾಪತಿ ಹಾಡನ್ನು ಮೊದಲಿನಿಂದ ಹಚ್ಚಿದ. ವೇಗ ಅರವತ್ತಿತ್ತು. ಮುಖ ತೆರೆದ ಹೆಲ್ಮೆಟ್ಟಿನೊಳಗೂ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಲು ಚಾಪೆ ಹಾಸುವ ಸದ್ದು ಬಂತು. ಯಾರೋ ಕೆಮ್ಮಿದರು. ಆಮೇಲೆ ಶರಣಬಸಪ್ಪ ಮೇಷ್ಟ್ರು, ಇಷ್ಟು ವರ್ಷವಾಯಿತು, ಇನ್ನಾದರೂ ಮೈಕನ್ನು ಈ ಬದಿಗೆ ಇಡೋಣವೇ ಎಂದು ಕೇಳಿದ್ದು ಕೇಳಿಸಿತು. ಅದಕ್ಕೆ ಶಿವಲೀಲಾ ತಗ್ಗಿದ ದನಿಯಲ್ಲಿ ಕೊಟ್ಟ ಉತ್ತರ ಎರಡೂ ಸ್ಪೀಕರುಗಳಿಂದ ಒಟ್ಟಿಗೆ, ಒಂದಿಷ್ಟೂ ಸೋರದೆ, ಅವನ ಮುಖಕ್ಕೇ ಬಂತು.

"ಬ್ಯಾಡ್ರಿ ಸರ್, ಅಲ್ಲಿ ನಮ್ಮವರು ಕುಂದರತಾರ. ಅವರ ತಾಳ ಇನ್ನೂ ನಮಗಿಂತ ಮೊದಲ ಊರು ಮುಟ್ಟತೈತಿ. ದೂರ ಇರ್ಲಿ. ಅವರಿಗೆ ಈಗೂ ಹೇಳಬ್ಯಾಡ್ರಿ, ಪಾಪ."

ಆಮೇಲೆ ಆ ಸೋಮವಾರ ಪಂಪಾಪತಿ ಗಾಡಿ ನಿಲ್ಲಿಸಿ ಒಳಗೆ ಬಂದದ್ದು, ಎಲ್ಲರೂ ಸ್ವಲ್ಪ ಜೋರಾಗಿಯೇ ಬರ್ರಿ ಬರ್ರಿ ಅಂದದ್ದು, ಹಾಡು ಶುರುವಾದದ್ದು ಎಲ್ಲ ಕೇಳಿಸಿತು.

ಅವನು ವೇಗ ಹೆಚ್ಚಿಸಲಿಲ್ಲ, ಇಳಿಸಲೂ ಇಲ್ಲ. ಹಾಡನ್ನು ಮಾತ್ರ ನಿಲ್ಲಿಸಿದ. ಹೆಗಲ ಮೇಲಿದ್ದ ಶಿವಲೀಲಾಳ ಕೈ ಮೆಲ್ಲಗೆ ಹಿಂದೆ ಸರಿದು ಸೀಟಿನ ಹಿಡಿಕೆಯನ್ನು ಹಿಡಿದುಕೊಂಡಿತು.

ತಾವರಗೇರಾದಲ್ಲಿ ಒಂದು ಚಹಾದಂಗಡಿಯ ಮುಂದೆ ಅವನು ಗಾಡಿ ನಿಲ್ಲಿಸಿದ. ಕೇಳದೆಯೇ ಎರಡು ಪ್ಲೇಟು ಮಿರ್ಚಿ ಭಜಿ ತರಿಸಿ, ತನ್ನದನ್ನು ಮುಟ್ಟದೆ ಕೂತ. ಎಷ್ಟು ದಿನದಿಂದ ಹೀಗೆ ಎಂದು ಕೊನೆಗೆ ಕೇಳಿದ. ಶಿವಲೀಲಾ ಸುಳ್ಳು ಹೇಳಲಿಲ್ಲ. ಎರಡನೆಯ ಸೋಮವಾರದಿಂದ ಎಂದಳು. ಮೊದಲನೆಯ ಸೋಮವಾರ ಮೈಕು ನಡುವೆ ಇತ್ತಂತೆ, ಆ ಹಾಡನ್ನು ಅವಳು ಯಾರಿಗೂ ಕಳಿಸಿರಲಿಲ್ಲವಂತೆ.

"ತಾಳ ಓಡಿದ್ದು ಓಡಿತು," ಎಂದ ಪಂಪಾಪತಿ. "ಅದಕ್ಕ ಯಾಕ ಪಾಪ ಅಂದಿ? ನಾ ಏನ್ ಜಡ್ಡಾಗಿ ಬಿದ್ದೇನೇನು?"

ಶಿವಲೀಲಾ ಚಹಾದ ಲೋಟವನ್ನು ಮೇಜಿನ ಮೇಲೆ ಒಮ್ಮೆ ತಿರುಗಿಸಿದಳು. "ಹೇಳಿದ್ರ ನೀವು ಬರೂದ ಬಿಡತಿದ್ರಿ," ಎಂದಳು. "ನೀವು ಎದುರಿಗೆ ಕುಂತ್ರ ನನಗ ಹಾಡಾಕ ಧೈರ್ಯ ಬರತೈತಿ. ತಾಳ ಹೆಂಗರ ಇರ್ಲಿ ಅಂತ ಬಿಟ್ಟಿದ್ದೆ."

ಸಿಟ್ಟು ಮಾಡಿಕೊಳ್ಳಲು ಪಂಪಾಪತಿ ದಾರಿಯುದ್ದಕ್ಕೂ ಸಿದ್ಧನಾಗಿ ಬಂದಿದ್ದ. ಈಗ ಸಿಟ್ಟು ಅರ್ಧ ಮಾತ್ರ ಉಳಿದಿತ್ತು. ಆ ಅರ್ಧ ಸಿಟ್ಟಿನಲ್ಲೇ ತನ್ನ ಮಿರ್ಚಿಯನ್ನೂ ಅವಳು ಬಿಟ್ಟಿದ್ದನ್ನೂ ತಿಂದು ಮುಗಿಸಿದ.

ಅಂಗಡಿಯಿಂದ ರಸ್ತೆಗೆ ಹೊರಳುವಾಗ ಹಾಕಿದ ಇಂಡಿಕೇಟರನ್ನು ಆರಿಸುವುದು ಅವನಿಗೆ ಮರೆತುಹೋಯಿತು. ಕುಷ್ಟಗಿ ಇನ್ನೂ ದೂರವಿರುವಾಗ ಒಂದು ಕಡೆ ರಸ್ತೆ ಅಗೆದಿದ್ದರು. ಕೆಂಪು ಬಾವುಟ ಹಿಡಿದವನು ಎಲ್ಲರನ್ನೂ ತಡೆದ. ಪಂಪಾಪತಿ ಕೀಲಿ ಹಾಗೇ ಬಿಟ್ಟು, ಗುಂಡಿ ಒತ್ತಿ ಎಂಜಿನ್ ಆರಿಸಿದ. ಆಗ ಕವಚದೊಳಗಿಂದ ಇಂಡಿಕೇಟರಿನ ಟಿಕ್ ಟಿಕ್ ಕೇಳಿತು. ಸಡಿಲ ಪ್ಲಾಸ್ಟಿಕ್ಕಿನ ಗಡಗಡ ಹೋದ ಮೇಲೆ ಅದು ಅಷ್ಟು ಚೊಕ್ಕವಾಗಿ ಕೇಳಿದ್ದು ಅದೇ ಮೊದಲು.

ಅವನ ಬೆರಳು ತಾನಾಗಿಯೇ ಟ್ಯಾಂಕಿನ ಮೇಲೆ ಅದರ ಜೊತೆ ತಾಳ ಹಾಕತೊಡಗಿತು. ಹದಿನಾರು ಎಣಿಸುವಷ್ಟರಲ್ಲಿ ಬೆರಳು ಎರಡು ಪೆಟ್ಟು ಮುಂದೆ ಹೋಗಿತ್ತು. ಎಲ್ಲೋ ತಪ್ಪಿತೆಂದು ಮತ್ತೆ ಶುರು ಮಾಡಿದ. ಮತ್ತೆ ಎರಡು. ಮೂರನೆಯ ಸಲ ಹಲ್ಲು ಕಚ್ಚಿ ತಡೆದು ಹಿಡಿದ, ಒಂದೂವರೆ. ಎಮ್ಮೆಯ ಇಂಡಿಕೇಟರಿಗೆ ಶಿವಲೀಲಾಳ ಪಕ್ಷ ವಹಿಸಬೇಕಾದ ಕಾರಣವೇನೂ ಇರಲಿಲ್ಲ. ಪಂಪಾಪತಿ ಬಾಯಿ ಬಿಟ್ಟು ನಕ್ಕುಬಿಟ್ಟ.

ಹಿಂದಿನಿಂದ ಎಲ್ಲವನ್ನೂ ನೋಡುತ್ತಿದ್ದ ಶಿವಲೀಲಾ ಅಂಗೈಯನ್ನು ಅವನ ಬೆನ್ನಿಗಿಟ್ಟು, ಟಿಕ್ಕಿಗೊಂದು ಪೆಟ್ಟಿನಂತೆ ಮೆಲ್ಲಗೆ ತಟ್ಟಿದಳು. ಆ ಸಲ ಅವನು ಇಪ್ಪತ್ತರವರೆಗೆ ಸರಿಯಾಗಿ ಹೋದ. ಅಷ್ಟರಲ್ಲಿ ಹಸಿರು ಬಾವುಟ ಬಂತು, ಹಿಂದಿನ ಟಂಟಂ ಆಟೋದವನು ಹಾರ್ನ್ ಹೊಡೆದ.

ಮರುದಿನದಿಂದ ಓಣಿಯವರಿಗೆ ಒಂದು ಹೊಸ ನೋಟ ಸಿಕ್ಕಿತು. ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಪಂಪಾಪತಿ ನಿಂತ ಗಾಡಿಯ ಮೇಲೆ ಕೂತು, ಎಡಗಡೆಯ ಇಂಡಿಕೇಟರ್ ಹಾಕಿ, ಅರ್ಧ ತಾಸು ತಾಳ ಬಡಿಯುತ್ತಿದ್ದ. ಎದುರುಮನೆಯ ಯಂಕವ್ವ ಮೊದಲ ದಿನ ದೀಪ ಆರಿಸಿಲ್ಲವೆಂದು ಕೂಗಿ ಹೇಳಿದಳು. ಎರಡನೆಯ ದಿನ ಬಂದು ಹೇಳಿದಳು. ಮೂರನೆಯ ದಿನ, ಎಡಕ್ಕೆ ಹೋಗುವವರು ಒಮ್ಮೆ ಹೋಗಿಯಾದರೂ ಬರಬಾರದೇ ಎಂದು ಶಿವಲೀಲಾಳನ್ನು ಕೇಳಿದಳು. ಭಾನುವಾರ ಬ್ಯಾಟರಿ ಪೂರ್ತಿ ಕುಳಿತು, ಎಮ್ಮೆಯನ್ನು ಮೆಕ್ಯಾನಿಕ್ಕಿನ ತನಕ ನೂಕಲು ಓಣಿಯ ನಾಲ್ಕು ಜನ ಬೇಕಾಯಿತು.

ಸೋಮವಾರ ಸಂಜೆ ಪಂಪಾಪತಿ ಮಠಕ್ಕೆ ನಡೆದುಕೊಂಡೇ ಹೋದ. ಶಿವಲೀಲಾ ಮೈಕನ್ನು ಎತ್ತಿ ನಡುವೆ ಇಡಲು ಹೋದಳು. ಅವನು ಕೈ ಅಡ್ಡ ಹಿಡಿದ.

"ಅಲ್ಲೇ ಇರ್ಲಿ ಬಿಡು," ಎಂದ. "ಇನ್ನೊಂದು ತಿಂಗಳು ಹೋಗಲಿ. ಆಮ್ಯಾಲ ನಾನ ಹೇಳತೀನಿ."

ಶರಣಬಸಪ್ಪ ಮೇಷ್ಟ್ರ ಬೆರಳು ಹಾರ್ಮೋನಿಯಮ್ಮಿನ ತಪ್ಪು ಕೀಯ ಮೇಲೆ ಬಿದ್ದು ಕುಂಯ್ ಎಂದಿತು. ಆರು ವರ್ಷದಿಂದ ಕಾಪಾಡಿಕೊಂಡು ಬಂದ ಗುಟ್ಟು ಹೀಗೆ ನಡುಪಡಸಾಲೆಯಲ್ಲಿ ಬಂದು ಕೂತದ್ದು ನೋಡಿ ಅವರು ಕನ್ನಡಕ ಒರೆಸಿಕೊಂಡರು.

ಮೊದಲ ಹಾಡಿನಲ್ಲಿ ತಾಳ ಜೊತೆಗೇ ನಡೆಯಿತು. ಎರಡನೆಯದರಲ್ಲೂ. ಮೂರನೆಯ ಹಾಡು ಪಂಪಾಪತಿಗೆ ಬಹಳ ಇಷ್ಟದ್ದು, ನಡುವಿನಲ್ಲಿ ಅವನಿಗೆ ಉಮೇದು ತಡೆಯಲಿಲ್ಲ, ತಾಳ ಕಾಲು ಕಿತ್ತಿತು. ಶಿವಲೀಲಾ ಹಾಡುತ್ತಲೇ ಅವನ ಕಡೆ ನೋಡಿದಳು. ಅವನು ತಾಳವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಸಾಲು ಸುಮ್ಮನೆ ಕೇಳಿದ. ಅವಳು ಪಲ್ಲವಿಗೆ ಹಿಂದಿರುಗಿದಾಗ ಮತ್ತೆ ಸೇರಿಕೊಂಡ.

ಹಾಡು ಮುಗಿದ ಮೇಲೆ ಮೇಷ್ಟ್ರು, ಮೂರರಲ್ಲಿ ಎರಡು ಪಾಸು ಎಂದರು. ಪಂಪಾಪತಿ ನೀರು ಕುಡಿದು, ಅಂಗೈಯ ಬೆವರನ್ನು ಪಂಚೆಗೆ ಒರೆಸಿಕೊಂಡು, ನಾಲ್ಕನೆಯದು ಯಾವುದು ಎಂದು ಕೇಳಿದ.