ಒರೆಸಿದ ಆರು ಚುಕ್ಕೆಗಳು

ಮಧ್ಯಾಹ್ನ ಎರಡು ಗಂಟೆಗೆ ಅವಳು ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಐದು ಗಂಟೆಗೆ ಅರ್ಜಿ ಹಾಕುವ ಗಡುವು ಮುಗಿಯುತ್ತಿತ್ತು. ಎದುರಿನ ಪರದೆಯಲ್ಲಿ ಯುರೇನಸ್, ತನಗೂ ಈ ಗಡಿಬಿಡಿಗೂ ಸಂಬಂಧವೇ ಇಲ್ಲವೆಂಬಂತೆ, ಉಂಗುರ ತೊಟ್ಟುಕೊಂಡು ತಣ್ಣಗೆ ಕೂತಿತ್ತು. ಹಿಮದೈತ್ಯ ಎಂದು ಕರೆದವರು ಅದರ ಸ್ವಭಾವ ನೋಡಿಯೇ ಕರೆದಿರಬೇಕು.

ಬಾಹ್ಯಾಕಾಶ ದೂರದರ್ಶಕ ಹಿಂದಿನ ತಿಂಗಳು ತೆಗೆದ ಚಿತ್ರಗಳಲ್ಲಿ, ಒಳಗಿನ ಉಂಗುರದ ಪಕ್ಕ, ಅವಳಿಗೊಂದು ಮಸುಕು ಚುಕ್ಕೆ ಸಿಕ್ಕಿತ್ತು. ಯಾವ ಪಟ್ಟಿಯಲ್ಲೂ ಇಲ್ಲದ ಪುಟ್ಟ ಚಂದ್ರ ಅದು ಎಂದು ಅವಳು ಯಾರ ಮುಂದೆ ಬೇಕಾದರೂ ಹೇಳಬಲ್ಲಳು. ಆದರೆ ದೂರದರ್ಶಕದ ವೇಳೆ ಹಂಚುವ ಸಮಿತಿಗೆ ಬರೀ ಮಾತು ಸಾಲದು. ಏಳು ವರ್ಷದ ಹಿಂದಿನ ಚಿತ್ರಗಳಲ್ಲೂ ಅದೇ ಚಂದ್ರ ಇದೆಯೆಂದು ತೋರಿಸಿದರೆ ಮತ್ತೆ ನೋಡಲು ವೇಳೆ ಕೊಡುತ್ತೇವೆ, ಇಲ್ಲದಿದ್ದರೆ ಸರದಿ ಬೇರೆಯವರದು ಎಂದು ಬರೆದಿದ್ದರು. ಸರದಿ ತಪ್ಪಿದರೆ ಚಂದ್ರನೂ ಇಲ್ಲ, ನಾಲ್ಕು ವರ್ಷದ ದುಡಿಮೆಯೂ ಇಲ್ಲ.

ಹಳೆಯ ಚಿತ್ರಗಳೇನೋ ಇದ್ದವು, ಆರೇ ಆರು, ಹತ್ತು ಹತ್ತು ನಿಮಿಷದ ಅಂತರದಲ್ಲಿ ತೆಗೆದವು. ಒರೆಸಿ ಶುಚಿಮಾಡಿದ ಪ್ರತಿಗಳಲ್ಲಿ ಚಂದ್ರನ ಸುಳಿವೇ ಇಲ್ಲ. ಒರೆಸದ ಪ್ರತಿಗಳಲ್ಲೋ, ಒಂದೊಂದರಲ್ಲೂ ಸಾವಿರಾರು ಚುಕ್ಕೆ. ಎಲ್ಲಿಂದಲೋ ಹಾರಿಬಂದ ಕಣಗಳು ಕ್ಯಾಮೆರಾಗೆ ಬಡಿದು ಬಿಟ್ಟ ಕಲೆಗಳು ಅವು. ಚಂದ್ರ ಆಗ ತನ್ನ ದಾರಿಯಲ್ಲಿ ಎಲ್ಲಿದ್ದನೆಂದು ಲೆಕ್ಕ ಹಾಕೋಣವೆಂದರೆ, ಹತ್ತು ಗಂಟೆಗೊಂದು ಸುತ್ತು ಹಾಕುವ ಆಸಾಮಿ ಅವನು. ಒಂದೊಂದು ಸುತ್ತಿನ ಲೆಕ್ಕದಲ್ಲೂ ಆರು ಸೆಕೆಂಡು ತಪ್ಪಿದರೆ ಸಾಕು, ಏಳು ವರ್ಷಕ್ಕೆ ಇಡೀ ಒಂದು ಸುತ್ತೇ ತಪ್ಪಿಹೋಗುತ್ತದೆ.

ಅಷ್ಟರಲ್ಲಿ ಅಮ್ಮನ ಫೋನು.

"ಊಟ ಆಯ್ತೇನೇ?"

"ಇನ್ನೂ ಇಲ್ಲಮ್ಮ."

"ನಿನ್ನ ಚಂದ್ರ ಸಿಕ್ನಾ?"

"ಸಿಕ್ಕಿದಾನೆ. ಸಾಕ್ಷಿ ಸಿಕ್ತಿಲ್ಲ."

"ಸಾಕ್ಷಿ ಕೇಳೋಕೆ ಅವನೇನು ಕಳ್ಳನೇನೇ? ಮೊದ್ಲು ಉಣ್ಣು."

ಅವಳು ಉಣ್ಣಲಿಲ್ಲ. ಹೊಟ್ಟೆಯಲ್ಲಿ ಹಸಿವಿಗಿಂತ ಸಿಟ್ಟು ಜಾಸ್ತಿಯಿತ್ತು. ಆ ಚಿತ್ರಗಳನ್ನು ಒರೆಸಿದವರು ಯಾರೆಂದು ಅವಳಿಗೆ ಗೊತ್ತಿತ್ತು. ಎದ್ದು ಓಣಿಯ ಕೊನೆಯ ಕೋಣೆಗೆ ದಡದಡ ನಡೆದಳು.

ಅಲ್ಲಿ ಕೂರುವವರು ಜೋಪಾನಪ್ಪ. ಮೂವತ್ತು ವರ್ಷದಿಂದ ಅವರದು ಚಿತ್ರ ಒರೆಸುವ ಕೆಲಸ. ಜೋಪಾನಪ್ಪ ಎಂಬುದು ಅವಳೇ ಇಟ್ಟ ಅಡ್ಡಹೆಸರು; ವಿದ್ಯಾರ್ಥಿಯಾಗಿ ಬಂದ ಮೊದಲ ವಾರವೇ ಇಟ್ಟಿದ್ದಳು. ಮುರಿದ ಪೆನ್ನು, ಸತ್ತ ಕಂಪ್ಯೂಟರಿನ ಕೀಲಿಮಣೆ, ಬೀಗವೇ ಇಲ್ಲದ ಬೀಗದಕೈ, ಆ ಮನುಷ್ಯ ಎಸೆದದ್ದೆಂಬುದೇ ಇಲ್ಲ. ಹೆಸರು ಇಡೀ ಕಚೇರಿಯ ಬಾಯಿಗೆ ಬಿದ್ದಿತ್ತು. ಅವರ ಮುಂದೆ ಮಾತ್ರ ಎಲ್ಲರೂ ಅಣ್ಣ ಎನ್ನುತ್ತಿದ್ದರು.

"ಅಣ್ಣಾ, ಏಳು ವರ್ಷದ ಹಿಂದೆ ಯುರೇನಸ್ ಚಿತ್ರ ಒರೆಸಿದ್ದು ನೀವೇ ತಾನೆ?"

"ನಾನೇ. ಈ ಊರಲ್ಲಿ ಇನ್ಯಾರು ಒರೆಸ್ತಾರಮ್ಮ?"

"ಅದರಲ್ಲಿ ನನ್ನ ಚಂದ್ರನನ್ನೂ ಒರೆಸಿಬಿಟ್ಟಿದೀರಿ!"

ಅವರು ಕನ್ನಡಕ ಮೇಲೇರಿಸಿ, ಬೀರುವಿನ ಕೆಳಗಿನ ಖಾನೆಯಿಂದ ಬೆನ್ನು ಕಿತ್ತ ಒಂದು ನೋಟ್‌ಬುಕ್ ಎಳೆದರು. ಬೆರಳು ಒದ್ದೆ ಮಾಡಿಕೊಂಡು ಹಾಳೆ ಮಗುಚುತ್ತ ಹೋದರು. ಒಂದು ಕಡೆ ನಿಂತರು.

"ಒರೆಸೋವಾಗ ಅನುಮಾನ ಬಂದಿದ್ದನ್ನೆಲ್ಲ ಬರೆದಿಡ್ತೀನಿ. ಕಣ ಬಡಿದ ಕಲೆ ಚೂಪಾಗಿರುತ್ತೆ, ಉಗುರಲ್ಲಿ ಗೀರಿದ ಹಾಗೆ. ನಿಜವಾದ ಬೆಳಕು ದುಂಡಗೆ, ಮೆತ್ತಗೆ ಇರುತ್ತೆ. ನೋಡು ಇಲ್ಲಿ."

ಆರು ಸಾಲುಗಳಿದ್ದವು. ಚಿತ್ರಕ್ಕೊಂದು ಚುಕ್ಕೆ, ಅದರ ಜಾಗ, ತೆಗೆದ ಹೊತ್ತು. ಕೆಳಗೆ ಪುಟ್ಟ ಅಕ್ಷರದಲ್ಲಿ: "ಆರೂ ದುಂಡು. ನಿಯಮದಂತೆ ಒರೆಸಿದೆ. ಮನಸ್ಸಿರಲಿಲ್ಲ."

"ಯಾವ ನಿಯಮ? ಅಂಥ ದರಿದ್ರ ನಿಯಮ ಯಾರು ಮಾಡಿದ್ದು?"

ಅವರು ಹಾಳೆಯ ಮಡಚಿದ ಮೂಲೆ ಸರಿಮಾಡಿ, ಕಿಟಕಿಯ ಕಡೆ ನೋಡಿದರು.

ಆಗ ಅವಳಿಗೆ ನೆನಪಾಯಿತು. ಒಂದೇ ಜಾಗದಲ್ಲಿ ಎರಡು ಸಲ ಕಾಣದಿದ್ದರೆ ಅದು ಕಲೆ, ಒರೆಸಿ. ಹಾಗೆಂದು ನಿಯಮ ಬರೆದವಳು ಅವಳೇ, ಬಂದ ಹೊಸತರಲ್ಲಿ. "ಚುಕ್ಕೆ ನಡೀತಾ ಇದ್ರೆ ಏನಮ್ಮ ಮಾಡೋದು?" ಎಂದು ಇವರು ಕೇಳಿದ್ದರು. "ನಡೆಯೋ ಚಂದ್ರರ ಪಟ್ಟಿ ನನ್ನ ಹತ್ರ ಇದೆ ಅಣ್ಣ, ಹೊಸಬರು ಯಾರೂ ಹುಟ್ಟಿಲ್ಲ" ಎಂದು ಅವಳು ಎಲ್ಲರೆದುರು ಹೇಳಿದ್ದಳು. ಸಭೆಯೆಲ್ಲ ನಕ್ಕಿತ್ತು. ಏಳು ವರ್ಷದಲ್ಲಿ ಒಂದು ದಿನವೂ ಇವರು ಆ ಮಾತು ಎತ್ತಿರಲಿಲ್ಲ.

ಅವಳ ಮುಖ ಸಣ್ಣದಾಯಿತು. "ತಪ್ಪಾಯ್ತು ಅಣ್ಣ."

"ಅಯ್ಯೋ ಬಿಡಮ್ಮ. ಆಗ ನಿಂಗೆ ಎಷ್ಟು, ಇಪ್ಪತ್ಮೂರು? ಆ ವಯಸ್ಸಲ್ಲಿ ನಾನು ಇಡೀ ನೆಪ್ಚೂನನ್ನೇ ಒರೆಸಿದ್ದೆ. ಹೊತ್ತಾಗುತ್ತೆ, ಬರ್ಕೋ."

ತನ್ನ ಚಂದ್ರ ಸುತ್ತುವ ದಾರಿ ಎಳೆದಿಟ್ಟಿದ್ದ ನಕ್ಷೆಯನ್ನು ಅವಳು ಅವರ ಪರದೆಯಲ್ಲೇ ತೆರೆದಳು. ಅವರು ಓದಿದರು, ಅವಳು ಗುರುತು ಹಾಕಿದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಆರನೆಯದಾದ ಮೇಲೆ ಇಬ್ಬರೂ ಪರದೆಗೆ ಮುಖ ಹಚ್ಚಿ ನೋಡಿದರು. ಉಂಗುರದ ಪಕ್ಕ, ಅವಳು ಎಳೆದಿಟ್ಟಿದ್ದ ದಾರಿಯ ಮೇಲೆಯೇ, ಆರೂ ಚುಕ್ಕೆ ಒಂದರ ಹಿಂದೊಂದು ಸಾಲಾಗಿ ನಡೆಯುತ್ತಿದ್ದವು. ಅವಳಿಗೆ ಹೋದ ಜೀವ ಬಂದಂತಾಯಿತು. ಈ ಮನುಷ್ಯ ಏನನ್ನೂ ಎಸೆಯದೆ ಇದ್ದದ್ದಕ್ಕೆ ಕೈಮುಗಿಯಬೇಕೆನಿಸಿತು. ನಾಚಿಕೆ ಬಿಟ್ಟು ಮುಗಿದೇಬಿಟ್ಟಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅರ್ಜಿ ಹೊರಟಿತು. ಕಂಡುಹಿಡಿದವರ ಹೆಸರಿನ ಜಾಗದಲ್ಲಿ ಅವಳು ಅವರ ಹೆಸರನ್ನೇ ಮೊದಲು ಬರೆದಿದ್ದಳು, ಅಡ್ಡಹೆಸರಲ್ಲ, ಅಪ್ಪ ಅಮ್ಮ ಇಟ್ಟದ್ದು.

"ಒರೆಸಿದವನ ಹೆಸರು ಯಾಕಮ್ಮ ಅಲ್ಲಿ?"

"ಒರೆಸಿದ್ದು ನಾನು ಅಣ್ಣ. ನೀವು ಬರೆದಿಟ್ಟಿದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವಳ ಡಬ್ಬಿ ತರಿಸಿ, ಎದುರು ಕೂರಿಸಿಕೊಂಡು ಉಣ್ಣಿಸಿಯೇ ಬಿಟ್ಟರು.

ಹತ್ತು ದಿನಕ್ಕೆ ಸಮಿತಿಯ ಉತ್ತರ ಬಂತು: ವೇಳೆ ಕೊಟ್ಟಿದ್ದೇವೆ. ಅಷ್ಟರೊಳಗೆ ಅವಳು ತನ್ನ ಹಳೆಯ ನಿಯಮವನ್ನು ಕಿತ್ತುಹಾಕಿ, ಜೋಪಾನಪ್ಪನವರ ಯಂತ್ರಕ್ಕೆ ಹೊಸದೊಂದು ಗುಂಡಿ ಸೇರಿಸಿದ್ದಳು. ಮೂವತ್ತು ವರ್ಷ ಅದರಲ್ಲಿ ಒರೆಸುವ ಗುಂಡಿಯೊಂದೇ ಇತ್ತು.

"ನೀವೇ ಮಾಡಿ ಅಣ್ಣ" ಎಂದು ಕುರ್ಚಿ ಎಳೆದುಕೊಟ್ಟಳು.

ಅವರು ಒಂದೊಂದೇ ಚಿತ್ರ ತೆರೆದು, ಜಾಗ ಸರಿನೋಡಿ, ಆರೂ ಚುಕ್ಕೆಗಳನ್ನು ಮೊದಲಿದ್ದಲ್ಲಿಗೆ ತಂದರು. ಅವಸರ ಮಾಡಲಿಲ್ಲ. ಮುಗಿದ ಮೇಲೆ ಬೆನ್ನು ಕಿತ್ತ ನೋಟ್‌ಬುಕ್ ತೆರೆದು, ಏಳು ವರ್ಷದ ಹಿಂದಿನ ಸಾಲಿನ ಕೆಳಗೆ ಆ ದಿನದ ತಾರೀಕು ಹಾಕಿ ಬರೆದರು: "ಆರೂ ವಾಪಸ್ ಇಟ್ಟೆ. ಸಂತೋಷವಾಯಿತು."